ಬಿ ಖರಾಬು

ನಕ್ಷೆಯಲ್ಲಿ ಅದಕ್ಕೆ ಹೆಸರಿಲ್ಲ.
ಎರಡು ನೀಲಿ ಗೆರೆ ಜೊತೆಜೊತೆಗೇ ನಡೆದು
ಸರ್ವೆ ನಂಬರು ನಲವತ್ತೊಂದರ ಮೂಲೆಯಲ್ಲಿ
ಒಮ್ಮೆ ಸೊಂಟ ತಿರುವಿ
ಮುಂದಿನ ಊರಿನ ಹಾಳೆಗೆ ದಾಟುತ್ತವೆ.
ಷರಾ: ಹಳ್ಳ. ಬಿ ಖರಾಬು.
ಉಳಲು ಬಾರದ್ದು, ಮಾರಲು ಬಾರದ್ದು.
ಮಾರಿದ್ದಾರೆ.

ನಾನು ಅಳೆಯಲು ಬಂದವಳು.
ಕೈಯಲ್ಲಿ ಟೇಪು, ಮೂಗಿಗೆ ವಿಕ್ಸ್ ಸವರಿದ ಕರವಸ್ತ್ರ.
ಜೊತೆಗೆ ಪಿಳ್ಳಣ್ಣ, ನೀರುಗಂಟಿ ಮನೆತನದವನು,
ಈಗ ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಾನೆ;
ರಾತ್ರಿ ಪಾಳಿ ಮುಗಿಸಿ, ಸೀಟಿ ಕೊರಳಲ್ಲಿ ಹಾಗೇ ಇರುವಂತೆ
ನಿದ್ದೆಗಣ್ಣಲ್ಲೇ ಬಂದಿದ್ದ.

ಶುರು ಎಲ್ಲಿ ಅಂದೆ.
ಪಂಚರ್ ಅಂಗಡಿ ಹಿಂದಿನ ಬಂಡೆ ಹತ್ತಿಸಿದ.
"ಇದೇ ದಿಣ್ಣೆ ನೋಡವ್ವ. ಈ ಕಡೆ ಉಗುದ್ರೆ ಪಿನಾಕಿನಿಗೆ,
ಆ ಕಡೆ ಉಗುದ್ರೆ ಅರ್ಕಾವತಿ, ಅಲ್ಲಿಂದ ಕಾವೇರಿ."
ಬಾಯಿ ತುಂಬ ಎಲೆಅಡಿಕೆ.
ಎರಡೂ ಕಡೆ ನೋಡಿದ,
ನುಂಗಿಕೊಂಡ.

ಮೊದಲ ಇನ್ನೂರು ಅಡಿ ಹಳ್ಳ ಕಾಣುವುದಿಲ್ಲ, ಕೇಳುತ್ತದೆ:
ಚಪ್ಪಡಿಯ ಕೆಳಗೆ, ಮೀನಂಗಡಿಯ ಕೆಳಗೆ,
ಟ್ಯೂಷನ್ ಮಕ್ಕಳ ಹದಿಮೂರರ ಮಗ್ಗಿಯ ಕೆಳಗೆ.
ಆಮೇಲೆ ಟ್ರಾನ್ಸ್‌ಫಾರ್ಮರ್ ಪಕ್ಕ
ಹೊದಿಕೆ ಒದ್ದು ಎದ್ದ ಹಾಗೆ ಬಯಲಿಗೆ ಬರುತ್ತದೆ.
ಕಪ್ಪು. ಒಂದು ಹೊಂಗೆ ಅದರ ಮೇಲೆ ಬಾಗಿ
ಬಿಳಿ ಹೂವು ಉದುರಿಸುತ್ತಲೇ ಇದೆ,
ಯಾರೂ ಅದಕ್ಕೆ ಹೇಳಿಲ್ಲ.

"ಬ್ಯಾಸಿಗೇಲೂ ಹರಿಯೋ ಹಳ್ಳ ನಮ್ಮಪ್ಪ ಕಂಡೋನಲ್ಲ" ಅಂದ.
ಶಿವರಾತ್ರಿ ಹೊತ್ತಿಗೆ ಮರಳಲ್ಲಿ ಗುಂಡಿ ತೋಡಿ
ಚೊಂಬಿಗೆ ಮೊಗೆಯುತ್ತಿದ್ದರಂತೆ.
ಈಗಿನದು ಪಂಪಿನ ಮೇಲೆ ಪಂಪು ಹತ್ತಿ ಬಂದ ಕಾವೇರಿ,
ಬೇಳೆ ತೊಳೆದು, ಬಟ್ಟೆ ತೊಳೆದು, ಕೊನೆಗೆ ಎಲ್ಲವನ್ನೂ ತೊಳೆದು
ತನ್ನದಲ್ಲದ ನದಿಯ ದಾರಿ ಹಿಡಿದದ್ದು.

ಅಗಲ, ನಕ್ಷೆಯ ಪ್ರಕಾರ: ಒಂದು ಸರಪಳಿ, ಮೂವತ್ತಮೂರು ಅಡಿ.
ಟೇಪಿನ ಪ್ರಕಾರ: ಹನ್ನೊಂದು.
ಉಳಿದದ್ದರಲ್ಲಿ ಬಿಲ್ಡರನ ತಡೆಗೋಡೆ, ಗೋಡೆಯಾಚೆ ಈಜುಕೊಳದ ಮೆಟ್ಟಿಲು,
ಗೋಡೆಯೀಚೆ ಎರಡು ಸೀಮೆಹಸು,
ಮತ್ತೆ ಜಬೀನಾಳ ಶೀಟಿನ ಮನೆ, ಅವಳ ಹೊಲಿಗೆ ಮಷಿನ್ನು.
ಅವಳು ನನ್ನ ಟೇಪು ನೋಡಿ ತನ್ನ ಟೇಪು ಎತ್ತಿ ತೋರಿಸಿದಳು.
ಚಹಾ ಕೊಟ್ಟಳು. ಗೋಡೆಯ ಮೇಲೆ ಎರಡು ಸಾಲು ಗೀಟು:
ಪೆನ್ಸಿಲಿನದು ಮಗಳ ಎತ್ತರ,
ಕೆಸರಿನದು ನೀರಿನ ಎತ್ತರ.
ಒಂದು ವರ್ಷ ನೀರು ಮಗಳಿಗಿಂತ ಎರಡು ಬೆರಳು ಮೇಲೆ.
"ಈಗ ಇವಳೇ ಮುಂದೆ" ಅಂದಳು.
ನಾನು ಸಕ್ಕರೆ ಕಲಕುತ್ತಿದ್ದೆ, ಚಹಾದಲ್ಲಿ ಸಕ್ಕರೆ ಕರಗಿ ಬಹಳ ಹೊತ್ತಾಗಿತ್ತು.

ಬಾಂದುಕಲ್ಲು ಸಿಕ್ಕಿದ್ದು ಮಧ್ಯಾಹ್ನ.
ಯಾರೋ ಅರಿಶಿನ ಬಳಿದು, ಬೆಳ್ಳಿಯ ಕಣ್ಣು ಅಂಟಿಸಿ
ಅವಳನ್ನು ಅಮ್ಮ ಮಾಡಿದ್ದರು.
ತಲೆಯ ಮೇಲಿನ ಕೂಡುಗೀಟು ಕುಂಕುಮದಡಿಯಲ್ಲಿ ಬೆರಳಿಗೆ ಸಿಕ್ಕಿತು.
ಪಿಳ್ಳಣ್ಣ ಚಪ್ಪಲಿ ಬಿಟ್ಟ. ನಾನೂ ಬಿಟ್ಟೆ.
ಟೇಪಿನ ಸೊನ್ನೆಯನ್ನು ಅವಳ ಪಾದಕ್ಕೆ ಹಿಡಿದು
ಹಳ್ಳದತ್ತ ಎಳೆದುಕೊಂಡು ಹೋದೆ.
ಬರಿಗಾಲು ಕೆಸರಿಗಿಳಿಯಿತು. ಬಿಸಿಯಿತ್ತು ಕೆಸರು.

ಕೆರೆ ಮುಟ್ಟುವ ಕಡೆ ಬೂದು ಕೊಕ್ಕರೆಯೊಂದು
ನೊರೆಯಲ್ಲಿ ಕಾಲೂರಿ ನಿಂತಿತ್ತು,
ಕಚೇರಿಯಲ್ಲಿ ಸಹಿಗೆ ಕಾಯುವವರ ಹಾಗೆ.
ಹೆಸರಿನ ಕಾಲಂ ಖಾಲಿ. ಏನು ಬರೆಯಲಿ ಅಂದೆ.
"ಹಳ್ಳ ಅಂದ್ರೆ ಹಳ್ಳ. ಇದ್ದಿದ್ದೇ ಒಂದು,
ಅದುಕ್ಯಾಕವ್ವ ಹೆಸ್ರು?"
ಪಾಳಿಗೆ ಹೊತ್ತಾಯಿತೆಂದು ಹೊರಟ.
ಹತ್ತು ಹೆಜ್ಜೆಗೆ ಸೀಟಿ ಊದಿದ,
ಹಸುವಿಗೋ, ನೀರಿಗೋ, ಗೊತ್ತಾಗಲಿಲ್ಲ.

ನನ್ನ ಬಾಡಿಗೆ ಮನೆ ದಿಣ್ಣೆಯ ಆಚೆ ಮಗ್ಗುಲಲ್ಲಿ.
ರಾತ್ರಿ ಬಚ್ಚಲಲ್ಲಿ ನಿಂತು
ಒಂದೊಂದೇ ಕಾಲು ತೊಳೆದೆ.
ಹಳ್ಳದ ಕೆಸರು, ಉಗುರಿನ ಸಂದಿಯ ಅರಿಶಿನ,
ಒಂದು ಹೊಂಗೆ ಹೂವು
ತೂತಿನ ಬಾಯಲ್ಲಿ ಸುತ್ತಿ ಸುತ್ತಿ
ಇಳಿದವು
ಕಾವೇರಿಯ ಕಡೆಗೆ.